ಹೆಡ್ಡು ರಿಪೇರಿಯಾದ ಮೇಲೆ ಎಂಜಿನ್ನಿನ ವಾಲ್ವುಗಳ ಸದ್ದು: ಕಾರಣವನ್ನು ಕಂಡುಹಿಡಿಯುವ ಕ್ರಮ

ಮರದ ನೇಗಿಲಿನಿಂದ ಉಳುತ್ತಿದ್ದ ಕಾಲದಲ್ಲಿ ಬೇಸಾಯದ ಉಪಕರಣಗಳಿಗೆ ಉಂಟಾಗುತ್ತಿದ್ದ ದೋಷಗಳು ಒಕ್ಕಲಿಗನ ಕಣ್ಣಿಗೆ ಕಾಣುವಂಥವಾಗಿದ್ದುವು. ಕುಳ ಸವೆದರೆ ಕಮ್ಮಾರನೂ, ಮೇಳಿ ಮುರಿದರೆ ಬಡಗಿಯೂ ಗ್ರಾಮದಲ್ಲಿಯೇ ಇದ್ದು, ಸುಗ್ಗಿಯಲ್ಲಿ ದೊರೆಯುವ ಆಯಕ್ಕೆ ಪ್ರತಿಯಾಗಿ ಅವನ್ನು ಸರಿಪಡಿಸಿಕೊಡುತ್ತಿದ್ದರು. ಎಂಜಿನ್ನಿನ ವಿಷಯ ಹೀಗಲ್ಲ. ಇದರ ದೋಷವು ಎರಕದ ಕಬ್ಬಿಣದ ಒಳಗೆ ಅಡಗಿರುತ್ತದೆ. ಹೊರಗಿನವರಿಗೆ ತಿಳಿಯುವುದು ಸದ್ದು, ಹೊಗೆ, ಶಾಖ ಈ ಮೂರು ಮಾತ್ರ. ಇವುಗಳಲ್ಲಿ ಸದ್ದೇ ಮೊದಲು ಬರತಕ್ಕದ್ದು. ಆದುದರಿಂದ ಎಂಜಿನ್ನನ್ನು ಇಟ್ಟುಕೊಂಡಿರುವ ಪ್ರತಿಯೊಬ್ಬ ಜಮೀನುದಾರರೂ ಸದ್ದಿನ ಅರ್ಥವನ್ನು ಸ್ವಲ್ಪಮಟ್ಟಿಗಾದರೂ ಬಲ್ಲವರಾಗಿರುವುದು ಅತ್ಯಾವಶ್ಯಕ.

ಬೆಂಗಳೂರಿನ ಉತ್ತರ ಭಾಗಕ್ಕೆ ಸುಧಾರಿತ ಬೇಸಾಯವು ಹೊಸದಲ್ಲ. ಹೆಬ್ಬಾಳದಲ್ಲಿ ಪ್ರಯೋಗ ಕ್ಷೇತ್ರವನ್ನು ಏರ್ಪಡಿಸುವುದಕ್ಕಾಗಿ ೧೮೯೯ರಲ್ಲಿ ಮಹಾರಾಣಿ ಕೆಂಪನಂಜಮ್ಮಣ್ಣಿ ವಾಣಿವಿಲಾಸ ಸನ್ನಿಧಾನದವರು ೩೦ ಎಕರೆ ಭೂಮಿಯನ್ನು ದಯಪಾಲಿಸಿದರು. ಅಲ್ಲಿಯೇ ೧೯೧೩ರಲ್ಲಿ ವ್ಯವಸಾಯದ ಪಾಠಶಾಲೆಯೂ, ೧೯೪೬ರಲ್ಲಿ ಕಾಲೇಜೂ, ೧೯೬೪ರಲ್ಲಿ ಕೃಷಿ ವಿಶ್ವವಿದ್ಯಾನಿಲಯವೂ ಏರ್ಪಟ್ಟುವು. ಈಗ ಹೆಬ್ಬಾಳ, ಯಶವಂತಪುರ, ಆರ್.ಟಿ. ನಗರಗಳು ಪಟ್ಟಣದೊಳಗೆ ಸೇರಿಹೋಗಿವೆ. ಆದಾಗ್ಯೂ ಯಲಹಂಕದಿಂದಾಚೆಗೆ ರಾಜಾನುಕುಂಟೆ, ಹೆಸರಘಟ್ಟ, ದೊಡ್ಡಬಳ್ಳಾಪುರಗಳ ಕಡೆಗೆ ರಾಗಿ, ದ್ರಾಕ್ಷಿ, ಹೂವು, ತರಕಾರಿಗಳ ಬೇಸಾಯ ಇನ್ನೂ ನಡೆಯುತ್ತಿದೆ. ಆಳವಾದ ಕೊಳವೆ ಬಾವಿಗಳಿಂದ ನೀರೆತ್ತುವ ಕೆಲಸವನ್ನು ವಿದ್ಯುಚ್ಛಕ್ತಿಯೇ ಮಾಡುತ್ತಿದ್ದರೂ, ಕೃಷಿಹೊಂಡದಿಂದ ನೀರೆತ್ತುವ ಪಂಪು, ಟಿಲ್ಲರು, ಟ್ರಾಕ್ಟರು ಇವುಗಳಿಗೆಲ್ಲ ಡೀಸೆಲ್ ಎಂಜಿನ್ನೇ ಆಧಾರವಾಗಿದೆ. ೨೦೧೪ರಲ್ಲಿ ಆರಂಭವಾದ ಕೃಷಿಭಾಗ್ಯ ಯೋಜನೆಯಲ್ಲಿ ಹೊಂಡದೊಂದಿಗೆ ಡೀಸೆಲ್ ಪಂಪುಸೆಟ್ಟಿಗೂ ಸಹಾಯಧನವು ದೊರೆತುದರಿಂದ, ಹಿಂದೆ ಎಂಜಿನ್ನನ್ನೇ ಕಾಣದಿದ್ದ ಹೊಲಗಳಿಗೂ ಅದು ಬಂದಿತು.

ಇಂಥ ಎಂಜಿನ್ನುಗಳ ಹೆಡ್ಡನ್ನು ಬಿಚ್ಚಿ ರಿಪೇರಿ ಮಾಡಿಸಿದ ಮೇಲೆ, ಹಿಂದೆ ಇಲ್ಲದಿದ್ದ ಒಂದು ಟಿಕ್ ಟಿಕ್ ಸದ್ದು ವಾಲ್ವುಗಳ ಕಡೆಯಿಂದ ಕೇಳಿಬರುವುದುಂಟು. ಆಗ ಮಾಡತಕ್ಕದ್ದೇನು, ಮಾಡಕೂಡದ್ದೇನು ಎಂಬುದನ್ನು ಈ ಲೇಖನದಲ್ಲಿ ವಿವರಿಸಲಾಗಿದೆ.

ಸಾಮಾನ್ಯವಾಗಿ ನಡೆಯುವ ತಪ್ಪು

ಒಂದು ಸಂದರ್ಭವನ್ನು ಊಹಿಸಬಹುದು. ಟೊಮೇಟೊ ಕಾಯಿ ಕಟ್ಟುವ ಕಾಲ. ತಂಪುಮಾಡುವ ನೀರು ಕಡಮೆಯಾಗಿ ಎಂಜಿನ್ನು ಕಾದು, ಹೆಡ್ಡಿನ ಗ್ಯಾಸ್ಕೆಟ್ಟು ಸುಟ್ಟುಹೋಗುತ್ತದೆ. ಯಜಮಾನರು ಹೆಡ್ಡನ್ನು ಪೇಟೆಗೆ ಕಳುಹಿಸಿ, ಮುಖವನ್ನು ಸಮಮಾಡಿಸಿ, ವಾಲ್ವುಗಳನ್ನು ಅರೆಯಿಸಿ, ಹೊಸ ಗ್ಯಾಸ್ಕೆಟ್ಟು ಹಾಕಿಸುತ್ತಾರೆ. ಎಂಜಿನ್ನು ನಡೆಯುತ್ತದೆ, ಆದರೆ ಸದ್ದು ಬರುತ್ತದೆ. ಪಕ್ಕದ ಹೊಲದವರೊಬ್ಬರು ಬಂದು, "ಟ್ಯಾಪೆಟ್ಟು ಸಡಿಲವಾಗಿದೆ, ಬಿಗಿಮಾಡಿ" ಎಂದು ಹೇಳುತ್ತಾರೆ. ಸದ್ದು ಅಡಗುವವರೆಗೆ ತಿರುಪನ್ನು ಬಿಗಿಮಾಡಲಾಗುತ್ತದೆ. ಸದ್ದು ನಿಂತಿತೆಂದು ಎಲ್ಲರಿಗೂ ಸಮಾಧಾನ. ಕೆಲವು ವಾರಗಳಾದ ಮೇಲೆ ಬೆಳಗಿನ ಹೊತ್ತು ಎಂಜಿನ್ನು ಎಷ್ಟು ತಿರುವಿದರೂ ಹತ್ತುವುದಿಲ್ಲ. ಹೆಡ್ಡನ್ನು ಮತ್ತೆ ಬಿಚ್ಚಿ ನೋಡಿದರೆ ಹೊಗೆ ಹೊರಹೋಗುವ ವಾಲ್ವಿನ ಅಂಚು ಸುಟ್ಟು ಕಚ್ಚುಬಿದ್ದಿರುತ್ತದೆ. ಹೊಂಡದಲ್ಲಿ ನೀರಿದೆ, ಗಿಡದಲ್ಲಿ ಕಾಯಿ ಇದೆ, ನಡುವೆ ನೀರೆತ್ತುವ ಯಂತ್ರವಿಲ್ಲ. ಮೊದಲ ರಿಪೇರಿಯ ಹಣವೂ ವ್ಯರ್ಥ, ಎರಡನೆಯ ರಿಪೇರಿಯ ಹಣವೂ ದಂಡ.

ಸದ್ದು ಮಾಡುವ ವಾಲ್ವಿಗಿಂತ ಬಲವಂತದಿಂದ ಸದ್ದಡಗಿಸಿದ ವಾಲ್ವು ಹೆಚ್ಚು ಅಪಾಯಕರವೆಂಬ ಮುಖ್ಯ ವಿಷಯವು ಇದರಿಂದ ತಿಳಿಯುತ್ತದೆ. ಇದು ಹೇಗೆಂದು ತಿಳಿಯಬೇಕಾದರೆ ವಾಲ್ವಿನ ಕೆಲಸವನ್ನು ಮೊದಲು ನೋಡಬೇಕು.

ವಾಲ್ವಿನ ಕೆಲಸವೂ ಸಂದಿನ ಅವಶ್ಯಕತೆಯೂ

ಬೇಸಾಯದಲ್ಲಿ ಉಪಯೋಗವಾಗುವ ಡೀಸೆಲ್ ಎಂಜಿನ್ನುಗಳು ಬಹುಮಟ್ಟಿಗೆ ನಾಲ್ಕು ಹೊಡೆತಗಳವು: ಗಾಳಿಯನ್ನು ಹೀರುವುದು, ಒತ್ತುವುದು, ಎಣ್ಣೆ ಉರಿದು ಪಿಸ್ಟನ್ನನ್ನು ತಳ್ಳುವುದು, ಹೊಗೆಯನ್ನು ಹೊರಹಾಕುವುದು. ಈ ನಾಲ್ಕೂ ಮುಗಿಯುವುದರೊಳಗೆ ಫ್ಲೈವೀಲು ಎರಡು ಸುತ್ತು ತಿರುಗುತ್ತದೆ. ಪ್ರತಿಯೊಂದು ವಾಲ್ವೂ ಒಂದೇ ಸಲ ತೆರೆದು ಮುಚ್ಚುತ್ತದೆ. ಕ್ಯಾಮಿನ ಉಬ್ಬು ಟ್ಯಾಪೆಟ್ಟನ್ನು ಎತ್ತುತ್ತದೆ. ಟ್ಯಾಪೆಟ್ಟು ಪುಷ್ ರಾಡನ್ನೂ, ಅದು ಹೆಡ್ಡಿನ ಮೇಲಿರುವ ರಾಕರಿನ ಒಂದು ತುದಿಯನ್ನೂ ಎತ್ತುತ್ತವೆ. ಏತದ ಮರದಂತೆ ರಾಕರಿನ ಇನ್ನೊಂದು ತುದಿ ತಗ್ಗಿ ವಾಲ್ವನ್ನು ಒತ್ತಿ ತೆರೆಯುತ್ತದೆ. ಉಬ್ಬು ದಾಟಿದೊಡನೆ ಸ್ಪ್ರಿಂಗು ವಾಲ್ವನ್ನು ಎಳೆದು ಅದರ ಸೀಟಿನ ಮೇಲೆ ಕೂರಿಸುತ್ತದೆ.

ವಾಲ್ವು ಮುಚ್ಚಿರುವಾಗ ರಾಕರಿಗೂ ವಾಲ್ವಿನ ಕಡ್ಡಿಯ ತುದಿಗೂ ನಡುವೆ ಬಹು ಸಣ್ಣದೊಂದು ಸಂದು ಇರಬೇಕು. ಏಕೆಂದರೆ ಕಾದ ಲೋಹವು ಹಿಗ್ಗುತ್ತದೆ. ಸಂದಿಲ್ಲದಿದ್ದರೆ ಹಿಗ್ಗಿದ ಕಡ್ಡಿಯು ರಾಕರಿಗೆ ತಗುಲಿ, ವಾಲ್ವು ಪೂರ್ತಿಯಾಗಿ ಮುಚ್ಚಲಾರದು. ವಾಲ್ವು ತನ್ನ ಶಾಖದ ಹೆಚ್ಚಿನ ಭಾಗವನ್ನು ಬಿಟ್ಟುಕೊಡುವುದು ಸೀಟಿನ ಮೇಲೆ ಕುಳಿತಿರುವಾಗಲೇ. ಸರಿಯಾಗಿ ಕೂರದ ವಾಲ್ವಿಗೆ ತಣಿಯುವ ಅವಕಾಶವಿಲ್ಲ. ಇದರ ಮೇಲೆ ನೂರಾರು ಡಿಗ್ರಿ ಶಾಖದ ಅನಿಲವು ಆ ಸಂದಿನಲ್ಲಿ ನುಗ್ಗಿ ಅಂಚನ್ನು ಕೊರೆಯುತ್ತದೆ. ಸಂದು ಹೆಚ್ಚಾದರೆ ಸದ್ದೂ ಸವೆತವೂ ಉಂಟಾಗುತ್ತವೆ. ಸಂದು ಇಲ್ಲವಾದರೆ ವಾಲ್ವೇ ಸುಟ್ಟುಹೋಗುತ್ತದೆ.

ಸಣ್ಣ ಡೀಸೆಲ್ ಎಂಜಿನ್ನುಗಳಲ್ಲಿ ಈ ಸಂದು ಒಂದು ಮಿಲಿಮೀಟರಿನ ಹತ್ತನೆಯ ಒಂದೂವರೆ ಭಾಗದಿಂದ ನಾಲ್ಕೂವರೆ ಭಾಗದವರೆಗೆ ಇರುವುದು ಸಾಮಾನ್ಯ. ಆದರೆ ಎಂಜಿನ್ನಿನಿಂದ ಎಂಜಿನ್ನಿಗೆ ಅಳತೆ ಬೇರೆ. ಅನೇಕ ಎಂಜಿನ್ನುಗಳಲ್ಲಿ ಹೀರುವ ವಾಲ್ವಿಗೆ ಒಂದು ಅಳತೆ, ಹೊಗೆಯ ವಾಲ್ವಿಗೆ ಇನ್ನೊಂದು. ಎಂಜಿನ್ನು ತಣ್ಣಗಿರುವಾಗ ಅಳೆಯಬೇಕೋ ಕಾದಿರುವಾಗಲೋ ಎಂಬುದೂ ಬೇರೆ. ಆದುದರಿಂದ ತಯಾರಕರು ಕೊಟ್ಟ ಪುಸ್ತಕವೇ ಪ್ರಮಾಣ. ನೆರೆಯವರ ಎಂಜಿನ್ನಿನ ಅಳತೆಯನ್ನು ತಂದು ಇಡಕೂಡದು.

ಹೆಡ್ಡು ಬಿಚ್ಚಿದರೆ ಸಂದು ಏಕೆ ಬದಲಾಗುತ್ತದೆ?

ಟ್ಯಾಪೆಟ್ಟೂ ಕ್ಯಾಮೂ ಎಂಜಿನ್ನಿನ ಒಡಲಿನಲ್ಲಿರುತ್ತವೆ. ರಾಕರು ಹೆಡ್ಡಿನ ಮೇಲಿರುತ್ತದೆ. ಇವೆರಡರ ನಡುವಣ ದೂರದಲ್ಲಿ ಕೂದಲಿನಷ್ಟು ವ್ಯತ್ಯಾಸವಾದರೂ ಸಂದು ಬದಲಾಗುತ್ತದೆ. ಹೊಸ ಗ್ಯಾಸ್ಕೆಟ್ಟು ಹಳೆಯದಕ್ಕಿಂತ ದಪ್ಪವಾಗಿದ್ದರೆ ಸಂದು ಹೆಚ್ಚುತ್ತದೆ. ಹೆಡ್ಡಿನ ಮುಖವನ್ನು ತರಿದು ಸಮಮಾಡಿದರೆ ಕಡಮೆಯಾಗುತ್ತದೆ. ವಾಲ್ವನ್ನೂ ಸೀಟನ್ನೂ ಅರೆದರೆ ವಾಲ್ವು ಹೆಡ್ಡಿನೊಳಗೆ ಆಳವಾಗಿ ಕುಳಿತು, ಅದರ ಕಡ್ಡಿ ಮೇಲಕ್ಕೆದ್ದು ಸಂದು ಕಡಮೆಯಾಗುತ್ತದೆ. ಬದಲಿಗೆ ಹಾಕಿದ ವಾಲ್ವಿನ ಕಡ್ಡಿ ಗಿಡ್ಡವಾಗಿದ್ದರೆ ಹೆಚ್ಚುತ್ತದೆ. ಹೊಸ ಗ್ಯಾಸ್ಕೆಟ್ಟು ಕೆಲವು ಗಂಟೆ ಕಾದು ಅಮುಕಿದ ಮೇಲೆ, ಹೆಡ್ಡಿನ ನಟ್ಟುಗಳನ್ನು ಎರಡನೆಯ ಸಲ ಬಿಗಿಮಾಡಿದಾಗ ಮತ್ತೆ ಕಡಮೆಯಾಗುತ್ತದೆ.

ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸತಕ್ಕದ್ದು. ವಾಲ್ವುಗಳನ್ನು ಅರೆಯಿಸಿ, ಮುಖವನ್ನು ತರಿಸಿ, ಸಂದನ್ನು ಮತ್ತೆ ಅಳೆಯದೆ ಕೂಡಿಸಿದ ಎಂಜಿನ್ನು ಸದ್ದು ಮಾಡುವುದಿಲ್ಲ. ಹಿಂದಿಗಿಂತ ಮೃದುವಾಗಿಯೇ ನಡೆಯುತ್ತದೆ. ರಿಪೇರಿ ಚೆನ್ನಾಯಿತೆಂದು ಯಜಮಾನರು ಸಂತೋಷಪಡುತ್ತಾರೆ. ವಾಸ್ತವವಾಗಿ ಅಂಥ ಎಂಜಿನ್ನನ್ನೇ ಮೊದಲು ಪರೀಕ್ಷಿಸಬೇಕು.

ಸದ್ದು ವಾಲ್ವಿನದೇ ಎಂದು ತಿಳಿಯುವ ಬಗೆ

ಹೆಡ್ಡಿನ ಕಡೆಯಿಂದ ಬರುವ ಸದ್ದೆಲ್ಲವೂ ವಾಲ್ವಿನದಲ್ಲ. ಪರೀಕ್ಷೆಯನ್ನು ಖರ್ಚಿಲ್ಲದ ಕೆಲಸದಿಂದ ಪ್ರಾರಂಭಿಸತಕ್ಕದ್ದು. ತಿರುಗುವ ಫ್ಲೈವೀಲಿನ ಹತ್ತಿರ ಹೋಗುವವರು ಪಂಚೆಯನ್ನು ಎತ್ತಿ ಕಟ್ಟಿ, ಹೆಗಲಿನ ವಸ್ತ್ರವನ್ನು ತೆಗೆದಿಟ್ಟು ಹೋಗಬೇಕು.

೧. ಸದ್ದನ್ನು ಎಣಿಸುವುದು. ವಾಲ್ವಿನ ಸದ್ದು ಫ್ಲೈವೀಲಿನ ಎರಡು ಸುತ್ತಿಗೆ ಒಂದು ಸಲ ಬರುತ್ತದೆ. ನಿಮಿಷಕ್ಕೆ ೧೫೦೦ ಸುತ್ತು ತಿರುಗುವ ಎಂಜಿನ್ನಿನಲ್ಲಿ ಒಂದು ವಾಲ್ವು ೭೫೦ ಸಲವೂ, ೬೫೦ ಸುತ್ತಿನ ನಿಧಾನದ ಎಂಜಿನ್ನಿನಲ್ಲಿ ೩೨೫ ಸಲವೂ ಬಡಿಯುತ್ತದೆ. ವೇಗವನ್ನು ಆದಷ್ಟು ತಗ್ಗಿಸಿ ಕೇಳಿದರೆ ಈ ಲಯವು ಕಿವಿಗೆ ತಿಳಿಯುತ್ತದೆ. ಪ್ರತಿ ಸುತ್ತಿಗೂ ಬರುವ ಬಡಿತವಾದರೆ ಫ್ಲೈವೀಲು, ಬೇರಿಂಗು ಮೊದಲಾದವುಗಳ ಕಡೆ ಹುಡುಕಬೇಕು.

೨. ಸ್ಥಳವನ್ನು ಗುರುತಿಸುವುದು. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ರಾಕರಿನ ಪೆಟ್ಟಿಗೆಯ ಮೇಲೂ, ಅನಂತರ ಹೆಡ್ಡಿನ ಬೇರೆ ಬೇರೆ ಕಡೆಗಳಲ್ಲಿಯೂ ಇಟ್ಟು, ಹಿಡಿಯನ್ನು ಕಿವಿಯ ಹತ್ತಿರ ಒತ್ತಿಕೊಂಡರೆ ಸದ್ದು ಎಲ್ಲಿ ಹೆಚ್ಚೆಂಬುದು ಸ್ಪಷ್ಟವಾಗುತ್ತದೆ.

೩. ಎಣ್ಣೆಯನ್ನು ನಿಲ್ಲಿಸಿ ನೋಡುವುದು. ಒಂದೇ ಸಿಲಿಂಡರಿನ ಎಂಜಿನ್ನು ನಡೆಯುತ್ತಿರುವಾಗ ಡೀಸೆಲನ್ನು ನಿಲ್ಲಿಸಿದರೂ ಫ್ಲೈವೀಲಿನ ಭಾರದಿಂದ ಕೆಲವು ಕ್ಷಣ ಅದು ತಿರುಗುತ್ತಲೇ ಇರುತ್ತದೆ. ಡೀಸೆಲು ನಿಂತೊಡನೆ ಸದ್ದೂ ನಿಂತರೆ ಅದು ಉರಿಯುವಿಕೆಯ ಬಡಿತ. ನಾಜಲನ್ನೂ ಡೀಸೆಲು ಬೀಳುವ ಕಾಲವನ್ನೂ ಪರೀಕ್ಷಿಸಬೇಕು. ಎಂಜಿನ್ನು ನಿಲ್ಲುವವರೆಗೂ ಟಿಕ್ ಟಿಕ್ ಎಂಬುದು ಹಾಗೆಯೇ ಬಂದರೆ ಅದು ವಾಲ್ವಿನ ಕಡೆಯದೆಂದು ಬಹುಮಟ್ಟಿಗೆ ನಿಶ್ಚಯಿಸಬಹುದು. ನಾಜಲಿನಿಂದ ಸಿಡಿಯುವ ಡೀಸೆಲು ಚರ್ಮವನ್ನು ತೂರಿ ಒಳಹೋಗುವಷ್ಟು ಒತ್ತಡದ್ದು. ಅದರ ಮುಂದೆ ಕೈಯಿಡಕೂಡದು.

೪. ಅನಿಲದ ಸೋರಿಕೆ. ಹೊಗೆಕೊಳವೆಯ ಕೂಡಿಕೆಯಲ್ಲಿಯೋ ನಾಜಲಿನ ಬುಡದಲ್ಲಿಯೋ ಅನಿಲವು ಸೋರಿದರೆ ಚಟ್ ಚಟ್ ಎಂದು ವಾಲ್ವಿನಂತೆಯೇ ಕೇಳಿಸುತ್ತದೆ. ಅಲ್ಲಿ ಮಸಿಯ ಗುರುತು ಕಂಡರೆ ಕೂಡಿಕೆಯನ್ನು ಸರಿಪಡಿಸಿದ ಮೇಲೆ ಮುಂದಿನ ಪರೀಕ್ಷೆ ಮಾಡಬೇಕು.

೫. ಡಿಕಂಪ್ರೆಷನ್ ಹಿಡಿ. ಎಂಜಿನ್ನನ್ನು ತಿರುವುವಾಗ ವಾಲ್ವನ್ನು ಎತ್ತಿಹಿಡಿಯುವ ಈ ಹಿಡಿಯು ರಿಪೇರಿಯ ಅನಂತರ ಪೂರ್ತಿಯಾಗಿ ಹಿಂದಕ್ಕೆ ಬಾರದೆ ರಾಕರಿಗೆ ತಗುಲುತ್ತಿರಬಹುದು. ನೋಡಲು ಅರ್ಧ ನಿಮಿಷ ಸಾಕು. ಆದರೂ ಇದನ್ನು ನೋಡುವವರು ಕಡಮೆ.

ಸಂದನ್ನು ಅಳೆಯುವ ಕ್ರಮ

ಸದ್ದು ವಾಲ್ವಿನದೆಂದು ತಿಳಿದಮೇಲೆ ಹೆಡ್ಡನ್ನು ಬಿಚ್ಚುವ ಯೋಚನೆ ಮಾಡದೆ ಸಂದನ್ನು ಅಳೆಯಬೇಕು. ಇದಕ್ಕೆ ಫೀಲರ್ ಗೇಜು ಎಂಬ, ತೆಳುವಾದ ಉಕ್ಕಿನ ಎಲೆಗಳ ಕಟ್ಟು ಬೇಕು. ಹಳೆಯ ಬ್ಲೇಡು, ಕಾಗದ, ಉಗುರು ಇವುಗಳಿಂದ ಅಂದಾಜು ಮಾಡುವುದು ಸರಿಯಲ್ಲ.

ಮೊದಲು ಹೆಡ್ಡಿನ ನಟ್ಟುಗಳು ಪುಸ್ತಕದಲ್ಲಿ ಹೇಳಿರುವಷ್ಟು ಬಿಗಿಯಾಗಿವೆಯೇ ಎಂದು ಟಾರ್ಕ್ ಸ್ಪ್ಯಾನರಿನಿಂದ ನೋಡಬೇಕು. ಬಿಗಿಮಾಡುವಾಗ ನಡುವಿನಿಂದ ಹೊರಕ್ಕೆ, ಎದುರುಬದುರಾಗಿ, ಎರಡು ಮೂರು ಹಂತಗಳಲ್ಲಿ ಬಿಗಿಮಾಡತಕ್ಕದ್ದು. ಕೆಲವು ಹೊಸ ಮಾದರಿಯ ಎಂಜಿನ್ನುಗಳಲ್ಲಿ ಎರಡನೆಯ ಸಲ ಬಿಗಿಮಾಡಕೂಡದೆಂದು ತಯಾರಕರೇ ಹೇಳಿರುತ್ತಾರೆ; ಅಲ್ಲಿ ಅದರಂತೆ ನಡೆಯಬೇಕು. ನಟ್ಟು ಬಿಗಿಯಾಗುವುದಕ್ಕೆ ಮುಂಚೆ ಅಳೆದ ಸಂದು ನಿಲ್ಲುವುದಿಲ್ಲ.

ಅನಂತರ ಡೀಸೆಲನ್ನು ನಿಲ್ಲಿಸಿ, ಫ್ಲೈವೀಲನ್ನು ಕೈಯಿಂದ ತಿರುಗಿಸಿ, ಪಿಸ್ಟನ್ನು ಒತ್ತುವ ಹೊಡೆತದ ಮೇಲ್ತುದಿಗೆ ಬರುವಂತೆ ಗುರುತಿಗೆ ನಿಲ್ಲಿಸಬೇಕು. ಪಿಸ್ಟನ್ನು ಮೇಲ್ತುದಿಗೆ ಎರಡು ಸಂದರ್ಭಗಳಲ್ಲಿ ಬರುತ್ತದೆ. ಒತ್ತುವ ಹೊಡೆತದ ಕೊನೆಯಲ್ಲಿ ಎರಡು ವಾಲ್ವುಗಳೂ ಮುಚ್ಚಿರುತ್ತವೆ. ಹೊಗೆ ಹೊರಹಾಕುವ ಹೊಡೆತದ ಕೊನೆಯಲ್ಲಿ ಎರಡೂ ಸ್ವಲ್ಪ ತೆರೆದಿರುತ್ತವೆ. ಗುರುತಿನ ಆಚೆ ಈಚೆಗೆ ಫ್ಲೈವೀಲನ್ನು ಸ್ವಲ್ಪ ಅಲ್ಲಾಡಿಸಿದಾಗ ರಾಕರುಗಳು ಚಲಿಸಿದರೆ ಅದು ತಪ್ಪು ಸ್ಥಾನ. ಇನ್ನೊಂದು ಪೂರ್ಣ ಸುತ್ತು ತಿರುಗಿಸಬೇಕು. ರಿಪೇರಿಯ ಅನಂತರದ ಅನೇಕ ಸದ್ದುಗಳಿಗೆ ಈ ತಪ್ಪು ಸ್ಥಾನದಲ್ಲಿ ಸಂದನ್ನು ಇಟ್ಟುದೇ ಕಾರಣ.

ಸರಿಯಾದ ಅಳತೆಯ ಎಲೆಯು ಅಲ್ಪ ಹಿಡಿತದೊಂದಿಗೆ ಸರಿದಾಡಬೇಕು. ಲಾಕ್ ನಟ್ಟನ್ನು ಬಿಗಿಮಾಡುವಾಗ ತಿರುಪು ತಾನೂ ತಿರುಗುವುದುಂಟು. ಆದುದರಿಂದ ಬಿಗಿಮಾಡಿದ ಮೇಲೆ ಮತ್ತೊಮ್ಮೆ ಅಳೆಯಬೇಕು. ಫ್ಲೈವೀಲನ್ನು ಎರಡು ಪೂರ್ಣ ಸುತ್ತು ತಿರುಗಿಸಿ ಮೂರನೆಯ ಸಲ ಅಳೆಯುವುದು ಉತ್ತಮ.

ಸಂದು ಸರಿಯಿದ್ದೂ ಸದ್ದು ನಿಲ್ಲದಿದ್ದರೆ

ಆಗ ಈ ಕೆಳಗೆ ಕಂಡ ಕಾರಣಗಳನ್ನು ಒಂದೊಂದಾಗಿ ಪರೀಕ್ಷಿಸಬೇಕು.

ರಾಕರಿನ ಮುಖವು ಸವೆದು ಗುಳಿಬಿದ್ದಿದ್ದರೆ, ಚಪ್ಪಟೆಯ ಎಲೆಯು ಗುಳಿಯ ಮೇಲೆ ಸೇತುವೆಯಂತೆ ನಿಂತು ಸಂದು ಸರಿಯಿದೆಯೆಂದು ತೋರಿಸುತ್ತದೆ. ನಿಜವಾದ ಸಂದು ಅದಕ್ಕಿಂತ ಹೆಚ್ಚಾಗಿರುತ್ತದೆ. ಇಂಥ ರಾಕರಿನ ಮುಖವನ್ನು ಸರಿಪಡಿಸಬೇಕು ಅಥವಾ ರಾಕರನ್ನೇ ಬದಲಾಯಿಸಬೇಕು.

ಪುಷ್ ರಾಡು ಟ್ಯಾಪೆಟ್ಟಿನ ಬಟ್ಟಲಿನಲ್ಲಿ ಸರಿಯಾಗಿ ಕೂರದೆ ಇರಬಹುದು, ಬಾಗಿರಬಹುದು, ಅಥವಾ ಒಂದರ ಸ್ಥಾನಕ್ಕೆ ಇನ್ನೊಂದನ್ನು ಹಾಕಿರಬಹುದು. ಹೊರತೆಗೆದು ಗಾಜಿನ ಹಲಗೆಯ ಮೇಲೆ ಉರುಳಿಸಿದರೆ ಬಾಗು ಗೊತ್ತಾಗುತ್ತದೆ.

ರಾಕರಿಗೆ ಎಣ್ಣೆ ತಲುಪದಿರಬಹುದು. ಗ್ಯಾಸ್ಕೆಟ್ಟನ್ನು ತಿರುವುಮುರುವಾಗಿ ಹಾಕಿದ್ದರೆ, ಅಥವಾ ಮುಖವನ್ನು ತರಿದ ಪುಡಿಯು ಎಣ್ಣೆಯ ದಾರಿಯಲ್ಲಿ ಸಿಕ್ಕಿಕೊಂಡಿದ್ದರೆ ಹೀಗಾಗುತ್ತದೆ. ಮುಚ್ಚಳವನ್ನು ತೆಗೆದು ನೋಡಿದಾಗ ರಾಕರುಗಳು ಒಣಗಿದ್ದರೆ ಎಂಜಿನ್ನನ್ನು ನಡೆಯಿಸಲೇ ಕೂಡದು. ಕೆಲವು ಹಳೆಯ ಮಾದರಿಗಳಲ್ಲಿ ರಾಕರಿಗೆ ಕೈಯಿಂದಲೇ ಎಣ್ಣೆ ಬಿಡತಕ್ಕದ್ದಾಗಿರುತ್ತದೆ. ಅಲ್ಲಿ ದೋಷವು ಎಂಜಿನ್ನಿನದಲ್ಲ, ಮರೆವಿನದು.

ಹೊಸ ಗೈಡನ್ನು ಹಾಕಿ ಅದರ ರಂಧ್ರವನ್ನು ಅಳತೆಗೆ ಸರಿಯಾಗಿ ಕೊರೆಯದಿದ್ದರೆ ವಾಲ್ವಿನ ಕಡ್ಡಿ ಕಾದಾಗ ಅದರಲ್ಲಿ ಹಿಡಿದುಕೊಳ್ಳುತ್ತದೆ. ತಣ್ಣಗಿರುವಾಗ ಇಲ್ಲದೆ, ಅರ್ಧ ಗಂಟೆ ನಡೆದ ಮೇಲೆ ಹುಟ್ಟುವ ಸದ್ದಿಗೆ ಇದು ಕಾರಣವಾಗಿರಬಹುದು. ಇದಕ್ಕೆ ವಿರುದ್ಧವಾಗಿ, ತಣ್ಣಗಿರುವಾಗ ಇದ್ದು ಕಾದಮೇಲೆ ಕಡಮೆಯಾಗುವ ಸದ್ದು ಸಾಮಾನ್ಯವಾಗಿ ಸಂದು ಸ್ವಲ್ಪ ಹೆಚ್ಚಾಗಿರುವುದನ್ನು ತಿಳಿಸುತ್ತದೆ.

ಪಿಸ್ಟನ್ನಿಗೆ ವಾಲ್ವು ತಾಗುತ್ತಿದ್ದರೆ ಸದ್ದು ಹೆಚ್ಚು ಗಡುಸಾಗಿರುತ್ತದೆ. ಹೆಡ್ಡಿನ ಮುಖವನ್ನು ಮಿತಿಮೀರಿ ತರಿದಾಗಲೂ, ತೆಳುವಾದ ಗ್ಯಾಸ್ಕೆಟ್ಟನ್ನು ಹಾಕಿದಾಗಲೂ ಇದು ಸಂಭವಿಸುತ್ತದೆ. ಹಾಗೆಯೇ ವಾಲ್ವನ್ನು ಸ್ಪ್ರಿಂಗಿಗೆ ಸೇರಿಸುವ ಎರಡು ಹೋಳಿನ ಲಾಕುಗಳು ಸರಿಯಾಗಿ ಕೂರದಿದ್ದರೆ, ಅಥವಾ ಸ್ಪ್ರಿಂಗು ಮುರಿದಿದ್ದರೆ, ಲಯವಿಲ್ಲದ ಜೋರಾದ ಬಡಿತವು ಬರುತ್ತದೆ. ಈ ಎರಡು ವಿಧದ ಸದ್ದು ಕೇಳಿದ ಕ್ಷಣವೇ ಎಂಜಿನ್ನನ್ನು ನಿಲ್ಲಿಸಬೇಕು. "ಈ ಒಂದು ಮಡಿಗೆ ನೀರು ಬಿಟ್ಟು ನಿಲ್ಲಿಸೋಣ" ಎಂಬ ಆಶೆಯಿಂದ ವಾಲ್ವು ಸಿಲಿಂಡರಿನೊಳಗೆ ಬಿದ್ದರೆ ಪಿಸ್ಟನ್ನೂ ಹೆಡ್ಡೂ ಎರಡೂ ಹಾಳಾಗುತ್ತವೆ.

ರಿಪೇರಿಯವರಿಂದ ಕೇಳಿ ಪಡೆಯತಕ್ಕವು

ಹೆಡ್ಡು ವರ್ಕ್‌ಷಾಪಿನಿಂದ ಬರುವಾಗಲೇ ಎಚ್ಚರ ವಹಿಸಿದರೆ ಮೇಲ್ಕಂಡ ಶ್ರಮದಲ್ಲಿ ಹೆಚ್ಚಿನ ಭಾಗವು ಉಳಿಯುತ್ತದೆ. ಮುಖವನ್ನು ಎಷ್ಟು ತರಿದರು, ವಾಲ್ವುಗಳು ಎಷ್ಟು ಆಳಕ್ಕೆ ಕುಳಿತಿವೆ, ಯಾವ ದಪ್ಪದ ಗ್ಯಾಸ್ಕೆಟ್ಟನ್ನು ಹಾಕಬೇಕು ಎಂಬ ಮೂರು ವಿಷಯಗಳನ್ನು ರಸೀತಿಯ ಮೇಲೆಯೇ ಬರೆಯಿಸಿಕೊಳ್ಳಬೇಕು. ತೆಗೆದುಹಾಕಿದ ಹಳೆಯ ವಾಲ್ವು, ಗೈಡು, ಗ್ಯಾಸ್ಕೆಟ್ಟುಗಳನ್ನು ಹಿಂದಕ್ಕೆ ಪಡೆದು ಹೊಸವುಗಳೊಂದಿಗೆ ಹೋಲಿಸಿ ನೋಡಬೇಕು. ವಾಲ್ವುಗಳನ್ನೂ ಸ್ಪ್ರಿಂಗುಗಳನ್ನೂ ಜೋಡಿಸಿದ ಹೆಡ್ಡಿನ ಗಾಳಿ ಮತ್ತು ಹೊಗೆಯ ದಾರಿಗಳಿಗೆ ಸೀಮೆಎಣ್ಣೆಯನ್ನಾಗಲಿ ಡೀಸೆಲನ್ನಾಗಲಿ ಸುರಿದು ಕೆಲವು ನಿಮಿಷ ಬಿಟ್ಟರೆ, ವಾಲ್ವಿನ ಅಂಚಿನಲ್ಲಿ ಒಸರಬಾರದು. ಒಸರಿದರೆ ಅರೆದುದು ಸಾಲದೆಂದು ತಿಳಿದು ಅಲ್ಲಿಯೇ ಮತ್ತೆ ಅರೆಯಿಸಬೇಕು. ಈ ಪರೀಕ್ಷೆಯನ್ನು ಎದುರಿನಲ್ಲಿಯೇ ಮಾಡಿ ತೋರಿಸುವಂತೆ ಕೇಳುವುದರಲ್ಲಿ ಸಂಕೋಚವೇನೂ ಬೇಡ. ಕೆಲಸ ಬಲ್ಲ ಮೇಸ್ತ್ರಿಯು ಇದಕ್ಕೆ ಬೇಸರಪಡುವುದಿಲ್ಲ.

ಗ್ರಾಮದ ಮುಖಂಡರಿಗೆ ಸೂಚನೆ

ಒಬ್ಬೊಬ್ಬ ರೈತನೂ ಎಲ್ಲ ಸಲಕರಣೆಗಳನ್ನು ಕೊಳ್ಳಬೇಕಾದುದಿಲ್ಲ. ಫೀಲರ್ ಗೇಜಿನ ಬೆಲೆ ಅಲ್ಪ. ಟಾರ್ಕ್ ಸ್ಪ್ಯಾನರಿನದು ಸ್ವಲ್ಪ ಹೆಚ್ಚು. ಇವೆರಡನ್ನೂ ಗ್ರಾಮದ ಸಹಕಾರ ಸಂಘದಲ್ಲಿ ಒಂದೊಂದು ಇಟ್ಟು, ಬೇಕಾದವರಿಗೆ ಬರೆದುಕೊಂಡು ಕೊಡುವ ಏರ್ಪಾಡನ್ನು ಮುಖಂಡರು ಮಾಡಬಹುದು. ಗ್ರಾಮದಲ್ಲಿ ಬುದ್ಧಿವಂತರಾದ ಇಬ್ಬರು ತರುಣರು ಸಂದನ್ನು ಅಳೆಯುವುದನ್ನು ಕಲಿತರೆ ಇಡೀ ಗ್ರಾಮದ ಎಂಜಿನ್ನುಗಳಿಗೆ ಸಾಕು. ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಿ ಪ್ರಾತ್ಯಕ್ಷಿಕೆಯನ್ನು ಏರ್ಪಡಿಸಿಕೊಳ್ಳುವುದೂ, ಹೆಬ್ಬಾಳಕ್ಕೂ ಯಲಹಂಕಕ್ಕೂ ನಡುವೆ ಇರುವ ಗಾಂಧಿ ಕೃಷಿ ವಿಜ್ಞಾನ ಕೇಂದ್ರದ ಕೃಷಿ ಮೇಳಕ್ಕೆ ಹೋದಾಗ ಯಂತ್ರೋಪಕರಣಗಳ ವಿಭಾಗದಲ್ಲಿ ಪ್ರಶ್ನಿಸಿ ತಿಳಿದುಕೊಳ್ಳುವುದೂ ಅಪೇಕ್ಷಣೀಯ.

ಪ್ರತಿಯೊಂದು ಎಂಜಿನ್ನಿನ ಮನೆಯ ಗೋಡೆಯ ಮೇಲೆ ಒಂದು ಹಲಗೆಯನ್ನು ಕಟ್ಟಿ, ಅದರಲ್ಲಿ ಎರಡು ವಾಲ್ವುಗಳ ಸಂದಿನ ಅಳತೆ, ಕಡೆಯ ಸಲ ಅಳೆದ ತಾರೀಖು, ಹೆಡ್ಡು ರಿಪೇರಿಯಾದ ತಾರೀಖು ಇವಿಷ್ಟನ್ನು ಬರೆದಿಡುವುದು ಒಳ್ಳೆಯದು. ಮುಂದಿನ ಸಲ ಸದ್ದು ಬಂದಾಗ ಯಾರು ಏನು ಹೇಳಿದರೂ ಮೊದಲು ಈ ಹಲಗೆಯನ್ನೂ, ಅನಂತರ ಗೇಜನ್ನೂ ನೋಡಿ, ಕೊನೆಗೆ ಸ್ಪ್ಯಾನರನ್ನು ಕೈಗೆ ತೆಗೆದುಕೊಳ್ಳಬೇಕು. ಈ ಕ್ರಮವನ್ನು ತಪ್ಪದೆ ಅನುಸರಿಸುವವರಿಗೆ ಒಂದೇ ಹೆಡ್ಡಿಗೆ ಎರಡು ಸಲ ಹಣ ತೆರುವ ಕಷ್ಟವು ಬಹುಮಟ್ಟಿಗೆ ತಪ್ಪುತ್ತದೆ. ಕಾಯಿ ಕಟ್ಟಿದ ಬೆಳೆಯು ನೀರಿಲ್ಲದೆ ನಿಲ್ಲುವ ಸಂಭವವೂ ಕಡಮೆಯಾಗುತ್ತದೆ.